ಬಚ್ಚಮ್ಮನ ಹಿತ್ತಿಲ ಗಡಿಕಲ್ಲು

2015ರ ಆಗಸ್ಟ್ 10, ಸೋಮವಾರ, ಬೆಳಿಗ್ಗೆ ಒಂಬತ್ತೂಕಾಲು. ಸ್ಥಳ ತಲ್ಲೂರು, ಹೆದ್ದಾರಿಯಿಂದ ಹೊಳೆಯ ಕಡೆ ಇಳಿಯುವ ಓಣಿಯ ಮೂರನೆಯ ಮನೆ, ಹಿಂದಿನ ಜಗಲಿ. ಹಾಜರಿದ್ದವರು ಮೂವರು: ಹೊಳೆಯ ನಡುವಿನ ಕುದ್ರುವಿನಲ್ಲಿ, ಅಂದರೆ ನಡುಗಡ್ಡೆಯಲ್ಲಿ, ಮನೆ ಕಳೆದುಕೊಂಡು ಎರಡು ವಾರದ ಹಿಂದೆ ಇಲ್ಲಿಗೆ ಬಂದ ಬಚ್ಚಮ್ಮ, ವಯಸ್ಸು ಎಪ್ಪತ್ತರ ಹತ್ತಿರ, ಅವರಿಗೆ ಇರಲು ಒಂದು ಕೋಣೆ ಕೊಟ್ಟಿರುವ ತಂಗಿಯ ಮಗಳು ಸುಶೀಲ, ಮತ್ತು ನಾನು, ಭೂಮಾಪನ ಇಲಾಖೆಯಿಂದ ನಿವೃತ್ತನಾದವನು. ಮಳೆ ನಿಂತು ಹೊಳವಾಗಿತ್ತು.

ಹಿಂದಿನ ದಿನ ಸುಶೀಲಳ ಫೋನಿನಿಂದ ಬಚ್ಚಮ್ಮ ಹೇಳಿದ್ದು ಒಂದೇ ಮಾತು: "ಹ್ವಾಯ್, ನಿಮ್ ಕಲ್ಲ್ ನನ್ನತ್ರ ಇತ್ತ್. ತಕಂಡ್ ಹೋಪುಕ್ ಬನ್ನಿ."

ಜಗಲಿಯ ಮೂಲೆಯಲ್ಲಿ ಗೋಣಿಯಲ್ಲಿ ಸುತ್ತಿಟ್ಟಿದ್ದರು. ನಾನೇ ಬಿಚ್ಚಿದೆ. ಕರಿಕಲ್ಲು, ಉದ್ದ ಎರಡಡಿ, ತಲೆಯ ಮೇಲೆ ಉಳಿಯಿಂದ ಅಡ್ಡ ಉದ್ದ ಕೊರೆದ ಕೂಡುಗೀಟು. ನಮ್ಮ ಇಲಾಖೆಯ ಗಡಿಕಲ್ಲು. ಗೋಣಿಯಿಂದ ಕೊಳೆತ ತೆಂಗಿನ ಸಿಪ್ಪೆಯ ವಾಸನೆ ಎದ್ದು ಬಂತು. ಕುದ್ರುವಿನ ಹೆಂಗಸರು ನಾರು ತೆಗೆಯಲು ಸಿಪ್ಪೆಯನ್ನು ಹೊಳೆಯ ಕೆಸರಿನಲ್ಲಿ ತಿಂಗಳುಗಟ್ಟಲೆ ಹುಗಿದಿಡುತ್ತಾರೆ. ಆ ವಾಸನೆ ಬಟ್ಟೆಗೆ ಹತ್ತಿದರೆ ನಾಲ್ಕು ಸಲ ಒಗೆದರೂ ಹೋಗುವುದಿಲ್ಲ. ನನಗೆ ಅದು ಒಂದು ವರ್ಷದ ವಾಸನೆ. 2007ರ ಜುಲೈಯಿಂದ 2008ರ ಜೂನ್‌ವರೆಗಿನ ವರ್ಷ. ಐವತ್ತನಾಲ್ಕನೆಯ ವಯಸ್ಸಿನಲ್ಲಿ ನಾನು ಮತ್ತೆ ವಿದ್ಯಾರ್ಥಿಯಾದ ವರ್ಷ.

ಬ್ರಹ್ಮಾವರದ ಹತ್ತಿರ ಆಗ ಒಂದು ಸಣ್ಣ ಸ್ನಾತಕೋತ್ತರ ಕೇಂದ್ರವಿತ್ತು. ಹೆಸರು ಬರೆಯುವುದಿಲ್ಲ, ಈಗ ಆ ಕಟ್ಟಡ ಮದುವೆಯ ಹಾಲ್ ಆಗಿದೆ. ಅಲ್ಲಿ ಜಿಯೋಇನ್ಫರ್ಮ್ಯಾಟಿಕ್ಸ್‌ನಲ್ಲಿ ಒಂದು ವರ್ಷದ ಡಿಪ್ಲೊಮಾ ಶುರುವಾಯಿತು. ಭೂಮಿಯ ಮೇಲಿನ ಪ್ರತಿಯೊಂದು ಕಲ್ಲು, ಮನೆ, ತೋಡು, ರಸ್ತೆಯನ್ನು ಕಂಪ್ಯೂಟರಿನಲ್ಲಿ ಅದರದರ ಜಾಗದಲ್ಲಿ ಕೂರಿಸುವ ವಿದ್ಯೆ. ಇಲಾಖೆಯಿಂದ ಒಬ್ಬರನ್ನು ಕಳಿಸಬೇಕಿತ್ತು. ಚಿಕ್ಕವರು ಯಾರೂ ಒಪ್ಪಲಿಲ್ಲ, ಬಡ್ತಿ ತಪ್ಪೀತೆಂಬ ಭಯ. ನನ್ನ ಬಿ.ಎಸ್ಸಿ. ಸರ್ಟಿಫಿಕೇಟು ಕಡತದಲ್ಲಿ ಸರಿಯಾಗಿ ಲಗತ್ತಾಗಿತ್ತು. ನನ್ನನ್ನು ಕಳಿಸಿದರು.

ನಾನು ಕೆಲಸ ಕಲಿತದ್ದು ವಂಡ್ಸೆಯ ಕಡೆಯ ಗದ್ದೆ ಗುಡ್ಡಗಳಲ್ಲಿ, ಒಬ್ಬ ಹಳೆಯ ಮೇಲ್ವಿಚಾರಕರ ಕೈಕೆಳಗೆ. ಅವರ ನಿಯಮಗಳು ಮೂರು. ಬೆಳಿಗ್ಗೆ ಎಂಟಕ್ಕೆ ಸರಪಳಿ ನೆಲದ ಮೇಲಿರಬೇಕು. ಪೆನ್ಸಿಲಿನಲ್ಲಿ ಬರೆದ ಅಂದಿನ ಅಳತೆಗೆ ಅಂದೇ, ಹೊತ್ತು ಕಂತುವ ಮೊದಲು, ಮಸಿ ಬೀಳಬೇಕು. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಅಳತೆ ನಡೆಯುವಾಗ ಜಾಗದವರ ಜೊತೆ ಮಾತು ಕೂಡದು. ಒಬ್ಬ ನೀರು ಕೊಡುತ್ತ ಒಂದು ಮಾತು ಸೇರಿಸುತ್ತಾನೆ, ಇನ್ನೊಬ್ಬ ಎಳನೀರಿನ ಬೊಂಡ ಕೆತ್ತುತ್ತ ಒಂದು ಮಾತು ಸೇರಿಸುತ್ತಾನೆ, ಕೊನೆಗೆ ಗಡಿ ವಾಲುತ್ತದೆ. ಆದ್ದರಿಂದ ಯಾರಾದರೂ ಬಾಯಿ ತೆರೆದರೆ ಅಂಗೈ ಎತ್ತಿ ತೋರಿಸುವುದು. ಮೂವತ್ತು ವರ್ಷ ನಾನು ಆ ಅಂಗೈ ಎತ್ತಿದ್ದೇನೆ. ನನ್ನ ಅಳತೆಯ ಮೇಲೆ ಒಂದು ತಕರಾರೂ ನಿಂತಿರಲಿಲ್ಲ.

ತರಗತಿಯಲ್ಲಿ ಹನ್ನೊಂದು ಜನ, ಹತ್ತು ಮಂದಿ ನನ್ನ ಅರ್ಧಕ್ಕಿಂತ ಕಡಿಮೆ ವಯಸ್ಸಿನವರು. ಮೊದಲ ತಿಂಗಳು ಮೌಸ್ ನನ್ನ ಮಾತು ಕೇಳಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ, "ಸರ್ರ್ ಕಾಣಿ, ಮೌಸನ್ನೂ ಸರಪಳಿ ಎಳ್ದಂಗೇ ಎಳಿತ್ರ್" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಅವನ ಹಾಜರಾತಿ ಎಷ್ಟೆಂದು ಆವತ್ತೇ ಲೆಕ್ಕ ಹಾಕಿಟ್ಟುಕೊಂಡೆ.

ನನ್ನ ಕೈ ಹಿಡಿದು ಕಲಿಸಿದವಳು ಸವಿತಾ. ಬೈಂದೂರಿನವಳು, ತಾಯಿ ಬುಟ್ಟಿಯಲ್ಲಿ ಮೀನು ಹೊತ್ತು ಮಾರಿ ಮಗಳನ್ನು ಅಲ್ಲಿಯವರೆಗೆ ಓದಿಸಿದ್ದರು. ಬೈಂದೂರಿನಿಂದ ಆರಕ್ಕೆ ಹೊರಡುವ ಬಸ್ಸಿನಲ್ಲಿ ಅವಳು ಬರುತ್ತಿದ್ದಳು, ತಲ್ಲೂರಿನಲ್ಲಿ ನಾನು ಹತ್ತುತ್ತಿದ್ದೆ. ಬ್ರಹ್ಮಾವರ ತಲುಪುವುದರೊಳಗೆ ಅವಳು ಹಿಂದಿನ ದಿನದ ಪಾಠವನ್ನು ನನ್ನ ತಲೆಗೆ ತುಂಬಿಸುತ್ತಿದ್ದಳು. ನಾನು ಅವಳಿಗೆ ಹಳೆಯ ಅಳತೆ ಪುಸ್ತಕ ಓದುವುದನ್ನು ಹೇಳಿಕೊಟ್ಟೆ. ಲೆಕ್ಕ ಸರಿಯಾಯಿತೆಂದು ಇಬ್ಬರೂ ತಿಳಿದಿದ್ದೆವು.

ಎರಡನೆಯ ಸೆಮಿಸ್ಟರಿನಲ್ಲಿ ನನಗೆ ಅತಿ ಮೆಚ್ಚಾದ ವಿಷಯ ಬಂತು. ಪಾಠ ಮಾಡುತ್ತಿದ್ದ ಮೇಡಂ ಅದನ್ನು ಬೋರ್ಡಿನ ಮೇಲೆ ಒಂದೇ ಸಾಲಿನಲ್ಲಿ ಬರೆದರು: ಒಂದು ಜಾಗದ ನಕ್ಷೆಯನ್ನು ಒಮ್ಮೆ ಮಾತ್ರ, ಸರಿಯಾಗಿ ಮಾಡುವುದು, ಎಲ್ಲ ಇಲಾಖೆಗಳೂ ಅದನ್ನೇ ಬಳಸುವುದು. ನೀರಾವರಿಯವರಿಗೊಂದು, ಕಂದಾಯದವರಿಗೊಂದು, ರಸ್ತೆಯವರಿಗೊಂದು ನಕ್ಷೆ ಎಂಬುದಿಲ್ಲ. ಪ್ರತಿ ನಕ್ಷೆಯ ಜೊತೆಗೆ ಮೆಟಾಡೇಟಾ ಎಂಬ ಒಂದು ಪಟ್ಟಿ: ಮಾಡಿದವರು ಯಾರು, ಯಾವಾಗ, ಯಾವ ಆಧಾರದ ಮೇಲೆ, ಎಷ್ಟು ನಿಖರ. ನನಗೆ ರೋಮಾಂಚನವಾಯಿತು. ಒಂದೊಂದು ಕಚೇರಿಯಲ್ಲಿ ಒಂದೊಂದು ಗಡಿ ನೋಡಿ ಮೂವತ್ತು ವರ್ಷ ಬೇಸತ್ತವನಿಗೆ ಅದು ಕೊನೆಗೂ ಬಂದ ಶಿಸ್ತಿನಂತೆ ಕಂಡಿತು.

ಪ್ರಬಂಧಕ್ಕೆ ಒಬ್ಬ ಕೊಲ್ಲೂರಿನ ಕಾಡಂಚು ತೆಗೆದುಕೊಂಡ, ಒಬ್ಬಳು ಬ್ರಹ್ಮಾವರದ ಬಾವಿಗಳನ್ನು ತೆಗೆದುಕೊಂಡಳು. ಸವಿತಾ ಮತ್ತು ನಾನು ಜೊತೆಯಾಗಿ ತಲ್ಲೂರಿನ ಎದುರಿನ ಕುದ್ರು ತೆಗೆದುಕೊಂಡೆವು. ಹಳೆಯ ಅಳತೆ ನಕ್ಷೆಯನ್ನು ಕಂಪ್ಯೂಟರಿಗೆ ಹತ್ತಿಸಿ, ಈಗಿನ ಮನೆಗಳನ್ನು ಅದರ ಮೇಲೆ ಕೂರಿಸುವುದು ಕೆಲಸ. ಹಳೆಯ ನಕ್ಷೆಯನ್ನು ಈಗಿನ ನೆಲಕ್ಕೆ ಜೋಡಿಸಲು ಎರಡರಲ್ಲೂ ಇರುವ ಒಂದು ಗುರುತು ಬೇಕು. ಗಡಿಕಲ್ಲಿಗಿಂತ ಒಳ್ಳೆಯ ಗುರುತಿಲ್ಲ. ಇಡೀ ಕುದ್ರು ಹುಡುಕಿ ಉಳಿದಿದ್ದ ಒಂದೇ ಒಂದು ಕಲ್ಲನ್ನು ಕಂಡುಹಿಡಿದೆವು. ಅದು ಪಡುದಂಡೆಯ, ಅಂದರೆ ಪಶ್ಚಿಮ ದಂಡೆಯ, ಏಳು ಮನೆಗಳ ಸಾಲಿನಲ್ಲಿ, ಬಚ್ಚಮ್ಮನ ಹಿತ್ತಿಲಿನಲ್ಲಿ, ತೆಂಗಿನ ಬುಡದಲ್ಲಿತ್ತು. ಸುತ್ತ ಹುಲ್ಲಿರಲಿಲ್ಲ. ಪಾಚಿ ಕೂಡ ಇರಲಿಲ್ಲ. ತೊಳೆದಿಟ್ಟಂತಿತ್ತು. ಹಳೆಯ ಪುಸ್ತಕದಲ್ಲಿ ಆ ಕಲ್ಲು ಹೊಳೆಯ ದಂಡೆಯ ಅಂಚಿನಲ್ಲೇ ಇತ್ತು.

ಅದು 2008ರ ಫೆಬ್ರವರಿ. ನಾನು ಕಲ್ಲಿನ ತಲೆಯ ಮೇಲೆ ಉಪಕರಣ ಕೂರಿಸುತ್ತಿದ್ದೆ. ಬಚ್ಚಮ್ಮ ನಾರು ಬಡಿಯುವುದನ್ನು ಬಿಟ್ಟು ಎದ್ದು ಬಂದರು.

"ಇದ್ ಹಕ್ಕುಪತ್ರದ ಅಳತಿಯಾ?" ಎಂದು ಕೇಳಿದರು. ಆ ಏಳು ಮನೆಗಳಿಗೂ ಹಕ್ಕುಪತ್ರ ಇರಲಿಲ್ಲ. ಮೂರು ತಲೆಮಾರಿನಿಂದ ಕೂತಿದ್ದರು, ಅರ್ಜಿ ಕೊಟ್ಟು ಕಾಯುತ್ತಿದ್ದರು.

"ಅಲ್ಲ, ಓದಿನದ್ದ್," ಎಂದಳು ಸವಿತಾ.

"ಇಷ್ಟ್ ಪ್ರಾಯ್ದರೂ ಓದ್ತ್ರಾ? ಪಾಪ," ಎಂದು ನನ್ನನ್ನು ನೋಡಿದರು. ಆಮೇಲೆ ಕಲ್ಲಿನ ಹತ್ತಿರ ಬಂದು, "ಹ್ವಾಯ್, ಆ ಕಲ್ಲ್ ಇತ್ತಲ್ದಾ, ಅದನ್ನ್..." ಎಂದು ಶುರು ಮಾಡಿದರು.

ನಾನು ಅಂಗೈ ಎತ್ತಿದೆ. "ಅಳತೆ ಮುಗಿಲಿ."

ಬಚ್ಚಮ್ಮ ಹಿಂದೆ ಹೋಗಿ ಕೂತರು. ಅಳತೆ ಮುಗಿಯುವ ಹೊತ್ತಿಗೆ ಹೊಳೆಯ ನೀರು ಇಳಿಯತೊಡಗಿತ್ತು, ದೋಣಿ ಕೆಸರಿಗೆ ಕೂರುವ ಮೊದಲು ಹೊರಡಬೇಕೆಂದು ದೋಣಿಯವ ಕೂಗಿದ. ನಾನು ಪುಸ್ತಕ ಮಡಚಿ ಹೊರಟೆ. ಕೇಳಲಿಲ್ಲ. ಸಂಜೆ ಐದೂಮುಕ್ಕಾಲಿಗೆ ಅಂದಿನ ಅಳತೆಗೆ ಮಸಿ ಬಿತ್ತು.

ಮೂರು ದಿನದ ನಂತರ ಬಸ್ಸಿನಲ್ಲಿ ಸವಿತಾ ತೊಡೆಯ ಮೇಲೆ ಕಾಗದ ಹರವಿ ಹೇಳಿದಳು, "ಸರ್, ಎಂತದೋ ಸಮಾ ಇಲ್ಲೆ. ತಲ್ಲೂರ್ ಬದಿಯ ಗುರ್ತ್ ಹಿಡ್ಕಂಡ್ ಕೂರ್ಸ್ರೆ ಆ ಕಲ್ಲ್ ಹೊಳಿ ಮಧ್ಯ ಇರ್ಕ್. ಈಗ ಇಪ್ಪಲ್ಲಿಂದ ನಲ್ವತ್ತ್ ಮೀಟರ್ ಪಶ್ಚಿಮಕ್."

"ತಲ್ಲೂರ್ ಬದಿಯ ಗುರುತು ಎಂತದ್ದು?"

"ಹಳೇ ರಸ್ತೆ ತಿರ್ವು, ಒಂದ್ ಬಾವಿಕಟ್ಟೆ."

"ರಸ್ತೆ ಅಗಲ ಮಾಡಿದ್ದಾರೆ. ಬಾವಿಕಟ್ಟೆ ಹೊಸತಾಗಿ ಕಟ್ಟಿರಬಹುದು. ಕಲ್ಲನ್ನು ಯಾರು ಕಟ್ಟುತ್ತಾರೆ? ಕಲ್ಲಿಗೆ ಕೂರಿಸು."

"ಕಲ್ಲಿಗ್ ಕೂರ್ಸ್ರೆ ಏಳ್ ಮನಿಯೂ ಹೊಳಿಯೊಳ್ಗ್ ಬತ್ತ್, ಸರ್. ಮನಿ ಎಲ್ಲ ಕಲ್ಲಿಂದ ಪಡುಬದಿಗ್ ಇಪ್ಪುದ್."

ಕೋಟೇಶ್ವರ ದಾಟುವುದರೊಳಗೆ ನನಗೆ ಉತ್ತರ ಹೊಳೆದಿತ್ತು. ಹಳೆಯ ಅಳತೆಯ ನಂತರ ಹೊಳೆ ಮಣ್ಣು ತಂದು ಹಾಕಿ ದಂಡೆ ಪಶ್ಚಿಮಕ್ಕೆ ಬೆಳೆದಿದೆ. ಆ ಹೊಸ ಮಣ್ಣಿನ ಮೇಲೆ ಜನ ಮನೆ ಕಟ್ಟಿಕೊಂಡಿದ್ದಾರೆ. ಎಷ್ಟು ಚೆನ್ನಾಗಿ ಕೂಡಿ ಬಂತು.

"ದೋಣಿ ಹತ್ತುವಾಗ ಬಚ್ಚಮ್ಮ ಹೊಳಿ ಕೊರಿತಾ ಇತ್ತ್ ಅಂದ್ರಲೆ, ಬೆಳಿತಾ ಇತ್ತ್ ಅಂದ್ರಾ?" ಎಂದಳು ಸವಿತಾ.

"ತಡೆಗೋಡೆ ಬೇಕೆನ್ನುವವರೆಲ್ಲ ಹಾಗೇ ಹೇಳುವುದು," ಎಂದೆ.

ಅವಳು ಕಾಗದ ಮಡಚಿದಳು. ನಾನು ಅವಳ ತಂದೆಯ ವಯಸ್ಸಿನವನು. ಅದಕ್ಕಿಂತ ಹೆಚ್ಚಾಗಿ, ಮೂವತ್ತು ವರ್ಷದ ಭೂಮಾಪಕ. ನಕ್ಷೆ ಕಲ್ಲಿಗೆ ಕೂತಿತು. ದಂಡೆ ಬೆಳೆದ ಕಥೆ ನಮ್ಮ ಪ್ರಬಂಧದ ನಾಲ್ಕನೆಯ ಅಧ್ಯಾಯವಾಯಿತು. ಮೆಟಾಡೇಟಾದ ಕಾಲಂಗಳನ್ನು ನಾನೇ ತುಂಬಿದೆ. ಕಾಲಂ ಖಾಲಿ ಬಿಡುವವನಲ್ಲ. ನಿಖರತೆ ಎಂಬಲ್ಲಿ ಬರೆದೆ: ಸ್ಥಳದಲ್ಲಿರುವ ಮೂಲ ಗಡಿಕಲ್ಲಿನ ಆಧಾರದಿಂದ ದೃಢಪಟ್ಟಿದೆ.

ಜೂನ್‌ನಲ್ಲಿ ಮೌಖಿಕ ಪರೀಕ್ಷೆ. ಹೊರಗಿನಿಂದ ಬಂದ ಪರೀಕ್ಷಕರು, "ಇಡೀ ನಕ್ಷೆ ಒಂದೇ ಕಲ್ಲಿನ ಮೇಲೆ ನಿಂತಿದೆಯಲ್ಲ?" ಎಂದು ಕೇಳಿದರು.

"ಮನುಷ್ಯರು ಸುಳ್ಳು ಹೇಳುತ್ತಾರೆ ಸರ್. ಮೂವತ್ತು ವರ್ಷದಲ್ಲಿ ಕಲ್ಲು ನನಗೆ ಸುಳ್ಳು ಹೇಳಿಲ್ಲ," ಎಂದೆ. ಅವರು ನಕ್ಕು ತಲೆಯಾಡಿಸಿದರು. ನಮ್ಮಿಬ್ಬರಿಗೂ ಡಿಸ್ಟಿಂಕ್ಷನ್ ಬಂತು. ಸವಿತಾಳ ತಾಯಿ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಕೈಗೆ ಅಂಜಲ್ ಮೀನಿನ ಪೊಟ್ಟಣ ಕೊಟ್ಟು, "ನೀವಿದ್ದ್ ಕಾರಣ ಹೆಣ್ಣ್ ಗೆದ್ದ್ ಬಂತ್" ಎಂದರು. ನಾನು ಮೀನು ತಿನ್ನುವವನಲ್ಲ. ಬೇಡವೆನ್ನಲು ಮನಸ್ಸು ಬರಲಿಲ್ಲ. ತಂದು ಪಕ್ಕದ ಮನೆಗೆ ಕೊಟ್ಟೆ.

ನಮ್ಮ ನಕ್ಷೆಯನ್ನು ಮಾದರಿಯೆಂದು ಮೇಲಿನವರು ಕೇಳಿ ತರಿಸಿಕೊಂಡರು. ಅಲ್ಲಿಂದ ಅದು ಯಾವ ಯಾವ ಕಚೇರಿಯ ಕಂಪ್ಯೂಟರಿಗೆ ಹೋಯಿತೋ ನನಗೆ ತಿಳಿಯದು. ಒಮ್ಮೆ ಮಾಡುವುದು, ಎಲ್ಲರೂ ಬಳಸುವುದು. ಪಾಠದಲ್ಲಿ ಹೇಳಿದಂತೆಯೇ ಆಯಿತು.

ಮುಂದಿನದನ್ನು ಚಿಕ್ಕದಾಗಿ ಬರೆಯುತ್ತೇನೆ. 2013ರಲ್ಲಿ ನಾನು ನಿವೃತ್ತನಾದೆ. ಅದೇ ವರ್ಷ ಏಳು ಮನೆಗಳ ಹಕ್ಕುಪತ್ರದ ಅರ್ಜಿ ತಿರಸ್ಕೃತವಾಯಿತು. ಸರ್ಕಾರಿ ಜಾಗವಾದರೆ ಕೊಡಬಹುದು. ನಕ್ಷೆಯ ಪ್ರಕಾರ ಅದು ಹೊಳೆ, ಹೊಳೆಗೆ ಹಕ್ಕುಪತ್ರವಿಲ್ಲ. 2014ರ ಬೇಸಿಗೆಯಲ್ಲಿ ಕುದ್ರುವಿಗೆ ತಡೆಗೋಡೆ ಬಂತು. ಗೋಡೆ ದಂಡೆಯ ಮೇಲೆ ಬರಬೇಕು, ದಂಡೆ ಎಲ್ಲಿದೆಯೆಂದು ನಕ್ಷೆ ಹೇಳಬೇಕು. ನಕ್ಷೆಯಲ್ಲಿ ದಂಡೆ ಬಚ್ಚಮ್ಮನ ಹಿತ್ತಿಲ ಕಲ್ಲಿನಲ್ಲಿತ್ತು. ಏಳು ಮನೆಗಳ ಹಿಂದಿನಿಂದ, ಬಚ್ಚಲಿಗೂ ತೆಂಗಿಗೂ ನಡುವೆ ಗೋಡೆ ಎದ್ದಿತು. ಪಾಯ ತೋಡುವಾಗ ಕಿತ್ತುಹಾಕಿದ ಕಲ್ಲನ್ನು ಬಚ್ಚಮ್ಮ ಮನೆಯೊಳಗೆ ತಂದಿಟ್ಟುಕೊಂಡರು. ಏಳು ಮನೆಗಳು ಹೊಳೆಯ ಕಡೆ ಉಳಿದವು.

ಸುದ್ದಿ ಕೇಳಿ ನಾನು ದೋಣಿ ಹತ್ತಿ ಹೋದೆ. ಬಚ್ಚಮ್ಮ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದರು. ಅವರ ಬೆನ್ನ ಹಿಂದೆ ಗೋಡೆ, ಎದುರಿಗೆ ಹತ್ತು ಹೆಜ್ಜೆಯಲ್ಲಿ ಹೊಳೆ. 2008ರಲ್ಲಿ ಅದೇ ಅಂಗಳ ಇಪ್ಪತ್ತೈದು ಹೆಜ್ಜೆಯಿತ್ತೆಂದು ನನ್ನ ಪುಸ್ತಕದಲ್ಲೇ ಇದೆ.

"ಗೋಡಿ ಹೊರ್ಗ್ ಮನಿ, ಒಳ್ಗ್ ಗೇರ್‌ಮರ," ಎಂದರು ಬಚ್ಚಮ್ಮ. "ಗೇರ್‌ಮರಕ್ಕೆ ಒಳ್ಳೆ ಬಂದೋಬಸ್ತ್ ಆಯ್ತ್."

"ಬಚ್ಚಮ್ಮ, ಆ ಕಲ್ಲು ಮೊದಲಿಂದ ಹಿತ್ತಿಲಲ್ಲೇ ಇತ್ತಾ?"

"ಎಲ್ಲಿತ್ತ್? ಅದ್ ಇದ್ದದ್ದ್ ಅಲ್ಲಿ," ಎಂದು ಹೊಳೆಯ ಮಧ್ಯಕ್ಕೆ ಕೈ ತೋರಿಸಿದರು. "ದಂಡಿ ಜರೀತಾ ಬಂತಲೆ, ನಮ್ಮ್ ಅತ್ತಿ ಒಂದ್ ಸಲ ಎತ್ತಿ ಈಚಿಗ್ ಹಾಕ್ರ್. ನಾನ್ ಎರ್ಡ್ ಸಲ. ಎರಡ್ನೇ ಸಲ ಹಿತ್ಲಿಗೇ ತಂದ್ ಹುಗ್ದೆ. ಸರ್ಕಾರದ್ ಕಲ್ಲ್, ಹೊಳಿಗ್ ಹೋದ್ರೆ ಜವಾಬ್ ಯಾರ್ ಹೇಳುದ್? ಪಟೇಲ್ರ್ ಅತ್ತಿಗ್ ಹೇಳಿದ್ರ್, ಕಲ್ಲ್ ಜಾಗ್ರತಿ ಅಂದೇಳಿ. ವಾರಕ್ಕೊಂದ್ ಸಲ ತೊಳಿತಿದ್ದೆ ನಾನ್."

"ನನಗೆ ಯಾಕೆ ಹೇಳಲಿಲ್ಲ?"

ಬಚ್ಚಮ್ಮ ಹಗ್ಗ ಬಿಟ್ಟರು. ಬಲಗೈ ಎತ್ತಿ ಅಂಗೈಯನ್ನು ನನ್ನ ಮುಖದ ನೇರಕ್ಕೆ ಹಿಡಿದು ತೋರಿಸಿದರು. ಮತ್ತೆ ಹಗ್ಗ ಹಿಡಿದುಕೊಂಡರು.

ಆಮೇಲೆ ಒಂದು ವರ್ಷ ನಾನು ಕಚೇರಿಗಳಿಗೆ ಅಲೆದೆ. ಪ್ರತಿ ಸೋಮವಾರ ಒಂದು ಅರ್ಜಿ, ಪ್ರತಿ ಗುರುವಾರ ಒಂದು ಭೇಟಿ. ಒಂದು ಕಡೆ, ನಾವು ನಕ್ಷೆ ಬಳಸುವವರು, ತಿದ್ದುವವರಲ್ಲ ಎಂದರು. ಇನ್ನೊಂದು ಕಡೆ, ಮೂಲದಲ್ಲಿ ತಿದ್ದಿಸಿ ತನ್ನಿ ಎಂದರು. ಮೂಲ ಎಂದರೆ ಬ್ರಹ್ಮಾವರದ ಕೇಂದ್ರ. ಅಲ್ಲಿ ಆಗಲೇ ಮದುವೆಯ ಪೆಂಡಾಲು ಬಿದ್ದಿತ್ತು. ಮಗದೊಂದು ಕಡೆ ಒಬ್ಬ ವಿನಯವಂತ ಹುಡುಗ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ, "ದೃಢಪಟ್ಟಿದೆ ಅಂತ ಇದೆ ಸರ್. ದೃಢಪಡಿಸಿದವರು..." ಎಂದು ಓದುತ್ತ ನಿಲ್ಲಿಸಿದ. ಅರ್ಜಿಯಲ್ಲಿದ್ದ ಹೆಸರನ್ನೂ ಪರದೆಯ ಮೇಲಿದ್ದ ಹೆಸರನ್ನೂ ಎರಡು ಸಲ ನೋಡಿದ. "ಸರ್, ಇದು ನೀವೇ ಅಲ್ವಾ?"

ಸವಿತಾ ಮಂಗಳೂರಿನಲ್ಲಿ ಕೆಲಸದಲ್ಲಿದ್ದಳು. ಫೋನ್ ಮಾಡಿ ಎಲ್ಲ ಹೇಳಿದೆ. ಅವಳು ರಜೆ ಹಾಕಿ ಎರಡು ದಿನ ಕೂತು ನಕ್ಷೆಯನ್ನು ಹೊಸದಾಗಿ, ಸರಿಯಾಗಿ ಮಾಡಿ ಕೊಟ್ಟಳು. ತಲ್ಲೂರಿನ ರಸ್ತೆ ತಿರುವು, ಬಾವಿಕಟ್ಟೆ, ಎರಡೂ ಹಳೆಯ ಜಾಗದಲ್ಲೇ ಇದ್ದವು. 'ನಾನು ಆವತ್ತೇ ಹೇಳಿದ್ದೆ' ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ಬಂದಿದ್ದರೆ ನನಗೆ ಹಗುರವಾಗುತ್ತಿತ್ತು. ಹೊಸ ನಕ್ಷೆಯನ್ನು ನಾಲ್ಕು ಕಚೇರಿಗೆ ಕೊಟ್ಟೆ. ನಾಲ್ಕೂ ಕಡೆ ಸ್ವೀಕೃತಿಯ ಮುದ್ರೆ ಸಿಕ್ಕಿತು. ಗೋಡೆ ಕದಲಲಿಲ್ಲ.

ಈ ವರ್ಷದ ಜುಲೈ ಕೊನೆಯ ವಾರ, ಹಗಲು ಹೊತ್ತಿನಲ್ಲೇ, ನೆರೆಯ ನೀರು ಗೋಡೆಗೆ ಬಡಿದು ತಿರುಗಿ ಅಂಗಳ ಕೊರೆಯಿತು. ಏಳರಲ್ಲಿ ಮೂರು ಮನೆ ಬಿದ್ದವು; ಮೊದಲನೆಯದು ಬಚ್ಚಮ್ಮನದು. ಜನರಿಗೆ ಏನೂ ಆಗಲಿಲ್ಲ. ಜಾಗ ಹೊಳೆಯೆಂದು ಬರೆದಿರುವುದರಿಂದ ಮನೆ ಬಿದ್ದದ್ದಕ್ಕೂ ಅರ್ಜಿ ನಿಲ್ಲುವುದಿಲ್ಲವೆಂದು ಹೇಳಿದ್ದಾರೆ.

ಇವತ್ತು ಬೆಳಿಗ್ಗೆ ಕಲ್ಲಿನ ಎದುರು ಕೂತಾಗ ನಾನು ಬಚ್ಚಮ್ಮನನ್ನು ಕೇಳಿದೆ, "ಮನೆ ಬೀಳುವಾಗ ಇದನ್ನು ಯಾಕೆ ಹೊತ್ತು ತಂದಿರಿ?"

"ದೋಣಿಯೊಳ್ಗ್ ಜಾಗ ಇತ್ತ್," ಎಂದರು.

"ಪಾತ್ರಿ ಎರ್ಡ್ ಬಿಟ್ಟ್ ಕಲ್ಲ್ ತಂದ್ರ್ ಇವ್ರ್," ಎಂದಳು ಸುಶೀಲ. "ಒಂದ್ ಹಂಡಿಯಾರೂ ತಂದಿದ್ರೆ ಬಿಸ್ನೀರಿಗಾತಿತ್ತ್."

"ಹಂಡಿ ನಂದ್. ಕಲ್ಲ್ ಸರ್ಕಾರದ್," ಎಂದರು ಬಚ್ಚಮ್ಮ. ಆಮೇಲೆ ನನ್ನ ಕಡೆ ತಿರುಗಿ, ಕುಹಕವೇನೂ ಇಲ್ಲದೆ, ನಿಜವಾಗಿ ತಿಳಿದುಕೊಳ್ಳಬೇಕೆಂಬಂತೆ ಕೇಳಿದರು, "ಹ್ವಾಯ್, ಈಗ ನಿಮ್ ನಕ್ಷಿ ಸಮಾ ಆಯ್ತಲ್ದಾ? ಹೊಳಿ ಅಂದೇಳಿ ಬರ್ದಿದ್ರಿ. ಈಗ ಹೊಳಿಯೇ."

ನಾನು ಗೋಣಿಯನ್ನು ಮತ್ತೆ ಕಲ್ಲಿಗೆ ಸುತ್ತಿದೆ.

ಹತ್ತೂವರೆಗೆ ರಿಕ್ಷಾದಲ್ಲಿ ಕಲ್ಲನ್ನು ಕುಂದಾಪುರದ ಕಚೇರಿಗೆ ಒಯ್ದೆ. ಕಲ್ಲು ವಾಪಸು ತೆಗೆದುಕೊಳ್ಳಲು ರಿಜಿಸ್ಟರು ಇಲ್ಲವೆಂದರು. ಅದು ನಿಜ, ನನ್ನ ಕಾಲದಲ್ಲೂ ಇರಲಿಲ್ಲ. ಮೂರು ಗಂಟೆಗೆ ಅದೇ ರಿಕ್ಷಾದಲ್ಲಿ ತಲ್ಲೂರಿಗೆ ವಾಪಸು ತಂದೆ.

"ಬಿಸಾಡ್ಬೇಡಿ," ಎಂದರು ಬಚ್ಚಮ್ಮ. "ಹಗ್ಗ ಹೊಸಿವಾಗ ತುದಿ ಕಟ್ಟುಕ್ ಇಲ್ಲಿ ಒಂದ್ ಗೂಟ ಇಲ್ಲೆ. ಆ ಮೂಲಿಯಂಗ್ ಹುಗಿನಿ."

ಅವರು ತೋರಿಸಿದ ಮೂಲೆಯಲ್ಲಿ ಒಂದೂಕಾಲಡಿ ಗುಂಡಿ ತೋಡಿದೆ. ತೂಗುಗುಂಡು ಹಿಡಿದು ಕಲ್ಲನ್ನು ನೆಟ್ಟಗೆ ನಿಲ್ಲಿಸಿ, ಸುತ್ತ ಜಲ್ಲಿ ತುಂಬಿ ತುಳಿದೆ. ನಾನು ತುಳಿಯುತ್ತಿರುವಾಗ ಬಚ್ಚಮ್ಮ ಅತ್ತೆಯ ಕಾಲದಿಂದ ಹಿಡಿದು ಕಲ್ಲಿನ ಕಥೆಯನ್ನೆಲ್ಲ ಹೇಳಿದರು. ನಾನು ನಡುನಡುವೆ ನಿಲ್ಲಿಸಿ ಕುದ್ರುವಿನ ಅಳತೆ ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದುಕೊಂಡೆ. ಯಾವ ದಂಡೆ, ಯಾವ ಮಳೆಗಾಲ, ಜೊತೆಗೆ ಎತ್ತಿದವರು ಯಾರು, ಎಷ್ಟು ಹೆಜ್ಜೆ. ಅವರು ಹೇಳಿ ಮುಗಿಸುವವರೆಗೆ ಕೂತಿದ್ದೆ. ಒಂದೂವರೆ ಗಂಟೆ ಹಿಡಿಯಿತು.

ಆಮೇಲೆ ಜಗಲಿಯ ಅಂಚಿನಲ್ಲಿ ಕೂತು ಪೆನ್ಸಿಲಿನ ಮೇಲೆ ಮಸಿ ಹಾಕಿದೆ. ಷರಾ ಕಾಲಂನಲ್ಲಿ ಬರೆದೆ: ಈ ಕಲ್ಲು 2008ಕ್ಕೆ ಮೊದಲೇ ಮೂರು ಸಲ ಸ್ಥಳಾಂತರವಾಗಿದೆ. ಅಳತೆಗೆ ಬಳಸತಕ್ಕದ್ದಲ್ಲ. ಈ ಸಂಗತಿಯನ್ನು ಬಚ್ಚಮ್ಮ 2008ರ ಫೆಬ್ರವರಿಯಲ್ಲಿ ಸ್ಥಳದಲ್ಲೇ ತಿಳಿಸಲು ಬಂದಿದ್ದರು. ಭೂಮಾಪಕನು ತಡೆದನು.

ಓದಿ ಹೇಳಿದೆ. ಬಚ್ಚಮ್ಮ ಕಲ್ಲಿಗೆ ಹಗ್ಗದ ತುದಿ ಬಿಗಿಯುತ್ತಿದ್ದವರು ಎದ್ದು ಬಂದು, ಸೀರೆಗೆ ಕೈ ಒರೆಸಿಕೊಂಡು, ತೋರಿಸಿದಲ್ಲಿ ಹೆಬ್ಬೆಟ್ಟು ಒತ್ತಿದರು. ಅದರ ಕೆಳಗೆ ನಾನು ರುಜು ಹಾಕಿ ತಾರೀಕು ಬರೆದೆ. ಸಂಜೆ ಆರಕ್ಕೆ ಐದು ನಿಮಿಷವಿತ್ತು. ಮಸಿ ಒಣಗಿದ ಮೇಲೆ ಪುಸ್ತಕ ಮುಚ್ಚಿದೆ.